ಬಾಹುಬಲಿಗೆ ಜಡೆಯಿದ್ದ ಕಾಲ

ಮೂರನೆಯ ಗುಹೆ ನೋಡಿ ಮುಗಿಸುವ ಹೊತ್ತಿಗೆ ಬಾದಾಮಿಗೆ ಬಂದವರ ಕಾಲು ಸೋತಿರುತ್ತವೆ. ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಫೋಟೊ ಆಗಿದೆ, ತ್ರಿವಿಕ್ರಮನ ಎತ್ತಿದ ಕಾಲನ್ನು ಕತ್ತು ನೀಳ ಮಾಡಿ ನೋಡಿಯಾಗಿದೆ, ಆದಿಶೇಷನ ಮೇಲೆ ಕುಳಿತ ವಿಷ್ಣುವಿಗೆ ಕೈಮುಗಿದಾಗಿದೆ. ನೀರಿನ ಬಾಟಲಿ ಖಾಲಿ. ಮಕ್ಕಳ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಮಂಗನ ಪಾಲು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕೆಳಗಿನ ಅಗಸ್ತ್ಯತೀರ್ಥವನ್ನೊಮ್ಮೆ ನೋಡಿ ‘ಸಾಕು, ಇನ್ನು ಬನಶಂಕರಿಗೆ ಹೋಗಿ ರೊಟ್ಟಿ ಊಟ ಮಾಡೋಣ’ ಎಂದು ಇಳಿಯುವವರೇ ಹೆಚ್ಚು. ಎರಡು ಸಲ ನಾನೂ ಹಾಗೇ ಇಳಿದು ಬಂದವನು. ಮೊದಲನೆಯದು ಶಾಲೆಯ ಪ್ರವಾಸ, ಎರಡನೆಯದು ಮದುವೆಗೆ ಹೋದಾಗಿನ ಅವಸರ. ಪಕ್ಕದಲ್ಲೇ, ಪೂರ್ವಕ್ಕೆ, ಇನ್ನೊಂದು ಗುಹೆ ಇದೆ ಎಂಬುದು ತಲೆಗೆ ಹತ್ತಿದ್ದು ಮೂರನೆಯ ಸಲ ಹೋದಾಗ.

ನಾಲ್ಕರಲ್ಲಿ ಅದೇ ಚಿಕ್ಕದು. ಮುಂದೆ ನಾಲ್ಕು ಕಂಬಗಳ ಒಂದು ಜಗುಲಿ, ಒಳಗೊಂದು ಮಂಟಪ, ಅದರಾಚೆ ಗರ್ಭಗುಡಿ. ಅಲ್ಲಿ ಸಿಂಹಪೀಠದ ಮೇಲೆ ಮಹಾವೀರ ಕುಳಿತಿದ್ದಾನೆ. ಮೂರನೆಯ ಗುಹೆಯ ಗತ್ತು ಇಲ್ಲಿಲ್ಲ. ಆದರೆ ಜಗುಲಿಯ ಎರಡು ತುದಿಗಳಲ್ಲಿ ಎದುರುಬದುರಾಗಿ ಇಬ್ಬರು ನಿಂತಿದ್ದಾರೆ. ಒಬ್ಬ ಪಾರ್ಶ್ವನಾಥ, ಇನ್ನೊಬ್ಬ ಬಾಹುಬಲಿ. ಕನ್ನಡ ನಾಡಿನಲ್ಲಿ ಇವತ್ತು ಕಾಣಸಿಗುವ ಬಾಹುಬಲಿಯ ವಿಗ್ರಹಗಳಲ್ಲಿ ಅತಿ ಹಳೆಯವು ಎರಡು. ಒಂದು ಇದು. ಇನ್ನೊಂದು ಇಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಐಹೊಳೆಯ ಗುಹೆಯಲ್ಲಿದೆ.

ಮೊದಲು ನೋಡಿದಾಗ ಗುರುತೇ ಸಿಗುವುದಿಲ್ಲ. ನಮ್ಮ ಕಣ್ಣಿಗೆ ಬಾಹುಬಲಿ ಎಂದರೆ ಶ್ರವಣಬೆಳಗೊಳದವನು: ಆಕಾಶವೇ ಹಿನ್ನೆಲೆ, ಗುಂಗುರು ಕೂದಲು, ತುಟಿಯ ಅಂಚಿನಲ್ಲಿ ಆ ನಗು. ಬಾದಾಮಿಯವನು ಗೋಡೆಗೆ ಬೆನ್ನು ಕೊಟ್ಟು ನಿಂತವನು, ಆಳೆತ್ತರಕ್ಕಿಂತ ತುಸು ಹೆಚ್ಚು ಅಷ್ಟೆ. ಕೈಕಾಲುಗಳನ್ನು ಬಳ್ಳಿ ಸುತ್ತಿದೆ, ಬುಡದಲ್ಲಿ ಹಾವುಗಳಿವೆ. ಅದೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಆತನ ತಲೆಗೂದಲು. ಹಿಂದಕ್ಕೆ ಬಾಚಿದ ಕೂದಲು ಎಳೆ ಎಳೆಯಾಗಿ ಹೆಗಲ ಮೇಲೆ ಇಳಿದಿದೆ. ವರ್ಷಗಟ್ಟಲೆ ಕಾಡಿನಲ್ಲಿ ನಿಂತವನ ಕೂದಲು ಬೆಳೆಯದೆ ಇರುತ್ತದೆಯೆ? ಈ ಶಿಲ್ಪಿ ಕಥೆಯನ್ನು ಇದ್ದ ಹಾಗೇ ನಂಬಿದವನು.

ಆ ದಿನ ನನ್ನ ಮುಂದೆ ಒಬ್ಬ ಅಜ್ಜಿ, ಮೊಮ್ಮಗಳು ಇದ್ದರು. ಹುಡುಗಿ ಹಾವಿನತ್ತ ಬೊಟ್ಟು ಮಾಡಿ ಕೇಳಿದಳು: ‘ಆಯಿ, ಇಂವಗ ಹಾವ್ ಕಡಿಯಂಗಿಲ್ಲೇನ?’ ಅಜ್ಜಿ ಸ್ವಲ್ಪ ಯೋಚಿಸಿ ಹೇಳಿದರು: ‘ಅಂವ ಅಲಗ್ಯಾಡಿದ್ರ ಕಡೀತಿತ್ತು. ಅಂವ ಅಲಗ್ಯಾಡೇ ಇಲ್ಲಲ್ಲ.’ ಹೀಗೆ ಮೈಮರೆತು ಧ್ಯಾನಕ್ಕೆ ನಿಲ್ಲುವುದನ್ನು ಹೇಳುವ ಕಾಯೋತ್ಸರ್ಗ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಯಾವ ನಿಘಂಟಿನಲ್ಲೂ ನೋಡಿಲ್ಲ.

ಊರಿನ ಜನ ಈ ಗುಹೆಗಳನ್ನು ‘ಮೇಣಬಸದಿ’ ಎನ್ನುತ್ತಾರೆ. ಮೇಣದಲ್ಲಿ ಕಡೆದಂತೆ ಕಲ್ಲನ್ನು ಕಡೆದಿದ್ದಾರೆ ಎಂದು ವಿವರಿಸುವವರೂ ಇದ್ದಾರೆ. ವ್ಯುತ್ಪತ್ತಿ ಏನಾದರೂ ಇರಲಿ, ನನಗೆ ಮೋಜೆನಿಸಿದ್ದು ‘ಬಸದಿ’ ಎಂಬ ಮಾತು. ನಾಲ್ಕರಲ್ಲಿ ಮೂರು ಗುಹೆಗಳು ಶಿವನವು, ವಿಷ್ಣುವಿನವು. ಒಂದು ಮಾತ್ರ ಜೈನರದು. ಆದರೂ ಇಡೀ ಸಾಲಿಗೆ ಹೆಸರು ಬಸದಿಯದು. ಜನರ ಬಾಯಲ್ಲಿ ಕೊನೆಯ ಗುಹೆಯೇ ಗೆದ್ದಿದೆ.

ಇದನ್ನು ಕೊರೆಸಿದವರು ಯಾರು? ಗುಹೆ ಬಾಯಿ ಬಿಡುವುದಿಲ್ಲ. ಪಕ್ಕದ ಮೂರನೆಯದು ಹಾಗಲ್ಲ, ಅದರ ಹುಟ್ಟಿದ ದಿನವೇ ಗೊತ್ತು. ಶಕ ವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಚಾಲುಕ್ಯ ಮಂಗಳೇಶ ಅಲ್ಲಿ ವಿಷ್ಣುವನ್ನು ಪ್ರತಿಷ್ಠೆ ಮಾಡಿಸಿದ. ಆಗ ಪಟ್ಟದಲ್ಲಿದ್ದವನು ಅವನ ಅಣ್ಣ ಒಂದನೆಯ ಕೀರ್ತಿವರ್ಮ. ಅದಕ್ಕೂ ಮೊದಲು, 543ರಲ್ಲಿ, ಇವರ ತಂದೆ ಒಂದನೆಯ ಪುಲಕೇಶಿ ಈ ಬೆಟ್ಟಕ್ಕೆ ಕೋಟೆ ಕಟ್ಟಿಸಿ ವಾತಾಪಿಯನ್ನು, ಅಂದರೆ ಇಂದಿನ ಬಾದಾಮಿಯನ್ನು, ರಾಜಧಾನಿ ಮಾಡಿಕೊಂಡಿದ್ದ. ಆ ಶಾಸನವೂ ಬಂಡೆಯ ಮೇಲಿದೆ. ನಾಲ್ಕನೆಯದಕ್ಕೆ ಅಂಥ ಶಾಸನವಿಲ್ಲ. ಕಂಬ, ಬೋದಿಗೆ, ಕೆತ್ತನೆಯ ಹದ ನೋಡಿ 6ನೆಯ ಶತಮಾನದ ಕೊನೆ ಎನ್ನುವ ವಿದ್ವಾಂಸರಿದ್ದಾರೆ, 7ನೆಯದು ಎನ್ನುವವರೂ ಇದ್ದಾರೆ. ಯಾವ ಲೆಕ್ಕ ಹಿಡಿದರೂ ಬೆಳಗೊಳದ ಗೊಮ್ಮಟನಿಗೆ ಈತ ಮೂರು ಶತಮಾನದಷ್ಟು ಹಿರಿಯ.

ಜೈನಮುನಿಗಳು ಈ ಸೀಮೆಗೆ ಆಗ ಹೊಸಬರೇನಲ್ಲ. ಬನವಾಸಿಯ ಕದಂಬರು ಹಲಸಿಯಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಬೇರೆ ಬೇರೆ ಸಂಘಗಳಿಗೆ ದಾನ ಬಿಟ್ಟ ತಾಮ್ರಪಟಗಳಿವೆ. ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಭದ್ರಬಾಹು ಪರಂಪರೆಯನ್ನು ನೆನೆಯುವ ಶಾಸನ ಸುಮಾರು 600ರದು. ಹಾಗಾಗಿ ಚಾಲುಕ್ಯರ ರಾಜಧಾನಿಯಲ್ಲಿ ಶಿವ, ವಿಷ್ಣು ಆದ ಮೇಲೆ ಜಿನನಿಗೂ ಒಂದು ಪಾಲು ಕಲ್ಲು ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ. ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವೆ ಬೌದ್ಧರದೆಂದು ಹೇಳುವ ಒಂದು ಸಹಜ ಗವಿಯೂ ಇದೆ. ಒಂದೇ ಬಂಡೆ, ನಾಲ್ಕಾರು ಹೆಜ್ಜೆ ಅಂತರ. ಇದನ್ನು ನೋಡಿ ‘ಸರ್ವಧರ್ಮ ಸಮನ್ವಯ’ ಎಂದು ಭಾಷಣ ಬಿಗಿಯುವವರುಂಟು. ಅಷ್ಟು ಸಲೀಸಾಗಿತ್ತೋ ಇಲ್ಲವೋ, ಕಲ್ಲುಕುಟಿಗರಿಗಂತೂ ಅದೊಂದೇ ಕಸುಬಾಗಿತ್ತು. ಶಿವನ ತೊಡೆಯನ್ನು ತಿದ್ದಿದ ಉಳಿಯ ಹದವೇ ಇಲ್ಲಿ ಬಾಹುಬಲಿಯ ತೊಡೆಯಲ್ಲೂ ಕಾಣುತ್ತದೆ.

ಆ ಕಸುಬಿನ ಬಗ್ಗೆ ಒಂದು ಮಾತು. ಗುಡಿ ಕಟ್ಟುವವರು ಅಡಿಪಾಯದಿಂದ ಮೇಲಕ್ಕೆ ಹೋಗುತ್ತಾರೆ, ಗುಹೆ ಕೊರೆಯುವವರು ಮಾಳಿಗೆಯಿಂದ ಕೆಳಕ್ಕೆ ಬರುತ್ತಾರೆ. ಮೊದಲು ಮೇಲ್ಛಾವಣಿ, ಆಮೇಲೆ ಬೋದಿಗೆ, ಆಮೇಲೆ ಕಂಬದ ಮೈ, ಕೊನೆಗೆ ನೆಲ. ಹೀಗೆ ಬಂದರೆ ಅಟ್ಟಣೆ ಕಟ್ಟುವ ಗೋಜಿಲ್ಲ, ಇನ್ನೂ ಕಡಿಯದ ಕಲ್ಲೇ ನಿಲ್ಲುವ ನೆಲ. ಆದರೆ ತಪ್ಪಿಗೆ ಜಾಗವೂ ಇಲ್ಲ. ಕಂಬ ಎಲ್ಲಿ ಬರಬೇಕು, ಬಾಹುಬಲಿಗೆ ಎಷ್ಟು ಕಲ್ಲು ಉಳಿಸಬೇಕು ಎಂಬುದು ಮೊದಲ ಉಳಿಪೆಟ್ಟಿಗೂ ಮುಂಚೆ ತಲೆಯಲ್ಲಿ ಸಿದ್ಧವಾಗಿರಬೇಕು. ಬಾದಾಮಿಯ ಕೆಂಪು ಮರಳುಗಲ್ಲು ಪದರು ಪದರಾಗಿ ಮಲಗಿರುವ ಕಲ್ಲು. ಗುಹೆಯೊಳಗೂ ಆ ಪದರುಗಳ ಬಣ್ಣದ ಗೆರೆಗಳು ಗೋಡೆಯಿಂದ ವಿಗ್ರಹಕ್ಕೆ, ವಿಗ್ರಹದಿಂದ ಮತ್ತೆ ಗೋಡೆಗೆ ಹಾಯುತ್ತವೆ.

ಕಥೆಗೆ ಬರೋಣ. ಆದಿನಾಥ ವೃಷಭದೇವ ರಾಜ್ಯವನ್ನು ಮಕ್ಕಳಿಗೆ ಹಂಚಿ ತಪಸ್ಸಿಗೆ ಹೋದ. ಹಿರಿಯ ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ. ಭರತನ ಆಯುಧಶಾಲೆಯಲ್ಲಿ ಚಕ್ರರತ್ನ ಹುಟ್ಟಿತು, ಆರು ಖಂಡ ಗೆದ್ದು ಬಂದ. ಊರಬಾಗಿಲಿಗೆ ಬಂದರೆ ಚಕ್ರ ಒಳಗೆ ಹೋಗಲೊಲ್ಲದು. ಏಕೆಂದರೆ ಗೆಲ್ಲಬೇಕಾದ್ದು ಇನ್ನೂ ಉಳಿದಿತ್ತು, ಅದು ಒಡಹುಟ್ಟಿದವರ ನೆಲ. ಉಳಿದ ತಮ್ಮಂದಿರು ರಾಜ್ಯ ಬಿಟ್ಟು ಸನ್ಯಾಸಿಗಳಾದರು. ಬಾಹುಬಲಿ ಮಾತ್ರ ತಲೆಬಾಗಲಿಲ್ಲ. ಸೈನ್ಯ ಸಾಯುವುದು ಬೇಡ, ಅಣ್ಣತಮ್ಮಂದಿರೇ ಕಾದಾಡಲಿ ಎಂದು ಮಂತ್ರಿಗಳು ತೀರ್ಮಾನಿಸಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಗೆದ್ದ. ಕೊನೆಯದರಲ್ಲಿ ಅಣ್ಣನನ್ನು ಎತ್ತಿ ನೆಲಕ್ಕೆ ಅಪ್ಪಳಿಸದೆ ಮೆಲ್ಲಗೆ ಇಳಿಸಿದ. ಸೋತ ಸಿಟ್ಟಿಗೆ ಭರತ ಚಕ್ರ ಬಿಟ್ಟರೆ ಅದು ಬಾಹುಬಲಿಗೆ ಬಲಬಂದು ನಿಂತಿತು. ಗೆದ್ದವನಿಗೆ ಅಲ್ಲಿಗೆ ಎಲ್ಲ ಸಾಕಾಯಿತು.

ಈ ಕಥೆಯನ್ನು ಅದೇ ಬಂಡೆಯ ಮೂರನೆಯ ಗುಹೆಯಲ್ಲಿ ನಿಂತು ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ಗುಹೆಯ ಪುಣ್ಯ ಅಣ್ಣ ಕೀರ್ತಿವರ್ಮನಿಗೆ ಸಲ್ಲಲಿ ಎಂದು ಬರೆಸಿದ ಮಂಗಳೇಶ, ಅಣ್ಣ ಸತ್ತ ಮೇಲೆ ತಾನೇ ಪಟ್ಟ ಏರಿದ. ಮುಂದೆ ಅದು ಅಣ್ಣನ ಮಗ ಎರಡನೆಯ ಪುಲಕೇಶಿಗೆ ಹೋಗದೆ ತನ್ನ ಮಗನಿಗೇ ಬರಲಿ ಎಂದು ಹಂಚಿಕೆ ಹಾಕಿದ. ಪುಲಕೇಶಿ ಸೈನ್ಯ ಕಟ್ಟಿಕೊಂಡು ತಿರುಗಿ ಬಿದ್ದ. ಆ ಕಾಳಗದಲ್ಲಿ ಚಿಕ್ಕಪ್ಪನ ಆಸೆ, ರಾಜ್ಯ, ಜೀವ ಮೂರೂ ಹೋದವು. ಇದನ್ನು ನಮಗೆ ಹೇಳಿದವನು ಜೈನಕವಿ ರವಿಕೀರ್ತಿ, 634ರ ಐಹೊಳೆ ಶಾಸನದಲ್ಲಿ. ನಾಲ್ಕನೆಯ ಗುಹೆಯ ಬಾಹುಬಲಿಗೂ ಈ ದಾಯಾದಿ ಕಾಳಗಕ್ಕೂ ನಂಟಿದೆ ಎನ್ನುವುದಕ್ಕೆ ಸಾಕ್ಷಿ ಇಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಆದರೆ ರಾಜ್ಯಕ್ಕಾಗಿ ಮನೆಯವರೇ ಕಾದಾಡಿದ ಊರಿನಲ್ಲಿ, ಗೆದ್ದೂ ರಾಜ್ಯ ಬಿಟ್ಟವನ ಮುಂದೆ ನಿಂತ ಆ ಕಾಲದ ಜನ ಏನನ್ನೂ ನೆನೆಯಲಿಲ್ಲ ಎಂದು ನಂಬುವುದು ಕಷ್ಟ.

ರಾಜ್ಯ ಬಿಟ್ಟ ಬಾಹುಬಲಿ ತಪಸ್ಸಿಗೆ ನಿಂತ. ವರ್ಷ ಕಳೆಯಿತು. ಹುತ್ತ ಬೆಳೆಯಿತು, ಮಾಧವೀಲತೆ ಹಬ್ಬಿತು. ಕೇವಲಜ್ಞಾನ ಮಾತ್ರ ಬರಲಿಲ್ಲ. ಏಕೆ ಎಂಬಲ್ಲಿ ಕಥೆ ಕವಲಾಗುತ್ತದೆ. ದಿಗಂಬರರು ಹೇಳುವಂತೆ ‘ನಾನು ನಿಂತಿರುವುದು ಭರತನ ನೆಲದಲ್ಲಿ’ ಎಂಬ ಒಂದು ಮುಳ್ಳು ಎದೆಯಲ್ಲಿ ಉಳಿದಿತ್ತು, ಭರತನೇ ಬಂದು ಕಾಲಿಗೆರಗಿದಾಗ ಅದು ಕಳೆಯಿತು. ಶ್ವೇತಾಂಬರರ ಕಥೆಯಲ್ಲಿ ಇದ್ದದ್ದು ಬೇರೆ ಅಡ್ಡಿ: ತನಗಿಂತ ಮೊದಲೇ ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ನಮಸ್ಕರಿಸಬೇಕಲ್ಲ ಎಂಬ ಬಿಗುಮಾನ. ಅಲ್ಲಿ ತಂಗಿಯರಾದ ಬ್ರಾಹ್ಮಿ, ಸುಂದರಿ ಬಂದು ಆನೆಯಿಂದ ಇಳಿ ಎಂದು ಎಚ್ಚರಿಸುತ್ತಾರೆ. ಆನೆ ಎಂದರೆ ಅಹಂಕಾರ. ಅಪ್ಪ ವೃಷಭದೇವ ಒಬ್ಬಳಿಗೆ ಅಕ್ಷರವನ್ನೂ ಇನ್ನೊಬ್ಬಳಿಗೆ ಅಂಕಿಯನ್ನೂ ಕಲಿಸಿದನೆಂಬ ಪ್ರತೀತಿ ಇರುವುದು ಇವರ ಬಗ್ಗೆಯೇ.

ಈ ಕವಲು ಕಲ್ಲಿನಲ್ಲೂ ಇದೆ. ಬಾದಾಮಿಯಲ್ಲೂ ಐಹೊಳೆಯಲ್ಲೂ ಬಾಹುಬಲಿಯ ಎಡಬಲಕ್ಕೆ ಇಬ್ಬರು ಹೆಂಗಸರು ನಿಂತಿದ್ದಾರೆ. ಬ್ರಾಹ್ಮಿ, ಸುಂದರಿ ಎಂದು ಕೆಲವರು. ಇಲ್ಲ, ಮೈಗೆ ಸುತ್ತಿದ ಬಳ್ಳಿಯನ್ನು ಬಿಡಿಸಲು ಬಂದ ವಿದ್ಯಾಧರಿಯರು ಎಂದು ಇನ್ನು ಕೆಲವರು. ವಿದ್ಯಾಧರಿಯರು ಬಳ್ಳಿ ಬಿಡಿಸಿದ ಮಾತು ಜಿನಸೇನರ ಸಂಸ್ಕೃತ ಆದಿಪುರಾಣದಲ್ಲಿದೆ. ಆದರೆ ಅದು 9ನೆಯ ಶತಮಾನದ್ದು. ಕನ್ನಡದ ಪಂಪ ಬರೆದದ್ದು 941ರಲ್ಲಿ. ಭರತ ಬಾಹುಬಲಿಯರ ಕಾಳಗದ ಕಥೆ ವಿಮಲಸೂರಿಯ ಪ್ರಾಕೃತ ಪಉಮಚರಿಯದಲ್ಲಿ ಮೊದಲೇ ಇತ್ತು ನಿಜ. ಆದರೆ ನಾವು ಪಂಪನಲ್ಲಿ ಓದಿ ಬೆರಗಾಗುವ ಬಾಹುಬಲಿ ಬರುವುದಕ್ಕೆ ಎರಡೂವರೆ ಮೂರು ಶತಮಾನ ಮೊದಲೇ ಬಾದಾಮಿಯ ಕಲ್ಲುಕುಟಿಗ ಬಳ್ಳಿ, ಹಾವು, ಇಬ್ಬರು ಹೆಂಗಸರನ್ನು ಕೂಡಿಸಿಬಿಟ್ಟಿದ್ದ. ಕನ್ನಡ ನಾಡಿನ ಮಟ್ಟಿಗೆ ಈ ಕಥೆಯನ್ನು ಉಳಿಯೇ ಮೊದಲು ಬರೆಯಿತು, ಲೇಖನಿ ಆಮೇಲೆ ಬಂತು. ಪಂಪನಿಗೆ ಸಲ್ಲಬೇಕಾದ ಗೌರವ ಇದರಿಂದ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಇನ್ನು ಎದುರಿನ ಗೋಡೆ. ಪಾರ್ಶ್ವನಾಥನ ತಲೆಯ ಮೇಲೆ ಐದು ಹೆಡೆಯ ಹಾವು. ಈತನ ಕಥೆಯಲ್ಲೂ ಇಬ್ಬರು ಅಣ್ಣತಮ್ಮಂದಿರಿದ್ದಾರೆ, ಕಮಠ ಮತ್ತು ಮರುಭೂತಿ. ಜನ್ಮಜನ್ಮಕ್ಕೂ ಕಮಠ ಹಗೆ ಸಾಧಿಸುತ್ತ ಬರುತ್ತಾನೆ, ಮರುಭೂತಿ ಕೊನೆಗೆ ಪಾರ್ಶ್ವನಾಥನಾಗಿ ಹುಟ್ಟುತ್ತಾನೆ. ಎಳೆಯ ವಯಸ್ಸಿನಲ್ಲಿ ಪಾರ್ಶ್ವ, ತಾಪಸನೊಬ್ಬ ಉರಿಸುತ್ತಿದ್ದ ಕೊರಡಿನೊಳಗೆ ಬೇಯುತ್ತಿದ್ದ ಹಾವಿನ ಜೋಡಿಯನ್ನು ಕಂಡು ಮರುಗಿದ. ಅವೇ ಮುಂದೆ ಧರಣೇಂದ್ರ, ಪದ್ಮಾವತಿಯರಾದವು. ಧ್ಯಾನಕ್ಕೆ ನಿಂತವನ ಮೇಲೆ ಹಗೆ ಮಳೆ ಸುರಿಸಿ ಬಂಡೆ ಉರುಳಿಸಿದಾಗ ಒಬ್ಬ ಹೆಡೆಯಾಗಿ, ಒಬ್ಬಳು ಕೊಡೆಯಾಗಿ ಬಂದರು. ಕಲ್ಲಿನಲ್ಲಿ ಆ ಕೊಡೆ ಹಿಡಿದವಳು ಇದ್ದಾಳೆ. ಇನ್ನೊಂದು ಬದಿಗೆ ಸೋತು ಕುಳಿತವನನ್ನು ಸಾಮಾನ್ಯವಾಗಿ ಕಮಠನೆಂದು ಗುರುತಿಸುತ್ತಾರೆ.

ಈ ಇಬ್ಬರನ್ನೇ ಎದುರುಬದುರು ನಿಲ್ಲಿಸಿದ್ದೇಕೆ? ಬಾಹುಬಲಿ ತೀರ್ಥಂಕರನೂ ಅಲ್ಲ. ಜಗುಲಿಯ ನಡುವೆ ನಿಂತು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದರೆ ನನಗೆ ತೋಚುವುದು ಇಷ್ಟು. ಪಾರ್ಶ್ವನ ಮೇಲೆ ಹಗೆ ಹೊರಗಿನಿಂದ ಬೀಳುತ್ತಿದೆ. ಬಾಹುಬಲಿಗೆ ಹೊರಗೆ ಹಗೆಯೇ ಇಲ್ಲ, ಇರುವ ಒಂದು ಮುಳ್ಳು ಒಳಗಿನದು. ಅಲ್ಲಿ ಹಾವು ನೆತ್ತಿಯ ಮೇಲೆ ನೆರಳಾಗಿದೆ, ಇಲ್ಲಿ ಹಾವಿಗೆ ಆತನ ಕಾಲೇ ನೆಲೆ. ಇಬ್ಬರೂ ಅಲುಗಾಡಲಿಲ್ಲ. ಈ ಜೋಡಿಯನ್ನು ಚಾಲುಕ್ಯರ ನಂತರ ಬಂದ ರಾಷ್ಟ್ರಕೂಟರ ಕಾಲದ ಎಲ್ಲೋರದ ಜೈನಗುಹೆಗಳಲ್ಲೂ ಮತ್ತೆ ಮತ್ತೆ ಕಾಣಬಹುದು. ಅಲ್ಲಿನ ಇಂದ್ರಸಭಾ ಗುಹೆಯಲ್ಲಿ ಬಾಹುಬಲಿಯ ಕಾಲಬಳಿಗೆ ಜಿಂಕೆಗಳೂ ಬಂದಿವೆ. ಒಮ್ಮೆ ಬಾದಾಮಿಯನ್ನು ನೋಡಿದವರಿಗೆ ಎಲ್ಲೋರ ಪರವೂರು ಅನ್ನಿಸುವುದಿಲ್ಲ.

ಐಹೊಳೆಯ ಗುಹೆ ಮೇಗುಟಿ ಬೆಟ್ಟದ ತಪ್ಪಲಿನಲ್ಲಿದೆ. ಬಾದಾಮಿಯ ಜನಜಂಗುಳಿ ಅಲ್ಲಿಲ್ಲ. ಮಂಗಗಳೂ ಕಡಿಮೆ. ಜಗುಲಿಯ ಮಾಳಿಗೆಯ ತುಂಬ ಮಕರ, ಹೂಬಳ್ಳಿಗಳ ಕುಸುರಿ. ಅಲ್ಲಿಯೂ ಅದೇ ಪಾರ್ಶ್ವ, ಅದೇ ಬಾಹುಬಲಿ, ಒಳಗೆ ಕುಳಿತ ಜಿನ. ಬೆಟ್ಟದ ನೆತ್ತಿಯಲ್ಲಿ ರವಿಕೀರ್ತಿ ಕಟ್ಟಿಸಿದ ಜಿನೇಂದ್ರಭವನ. ಮೇಲಿನ ಗುಡಿ ಎಂಬುದೇ ಮೇಗುಟಿ ಆಗಿದೆ. ಹರ್ಷವರ್ಧನನ ಹರ್ಷ ಇಳಿಸಿದ ಪುಲಕೇಶಿಯ ಗೆಲುವುಗಳನ್ನೆಲ್ಲ ಹೇಳಿ, ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡ ಕವಿ ಈತ. ಸಂಕೋಚದ ಮನುಷ್ಯ ಅಲ್ಲ. ಆದರೆ ಅವನು ಹಾಗೆ ಬರೆದಿರದಿದ್ದರೆ ಕಾಳಿದಾಸ 634ಕ್ಕಿಂತ ಹಿಂದಿನವನು ಎಂಬುದಕ್ಕೆ ನಮಗೆ ಇಷ್ಟು ಖಚಿತವಾದ ಕಲ್ಲಿನ ಸಾಕ್ಷಿ ಸಿಗುತ್ತಿರಲಿಲ್ಲ.

ಬಾದಾಮಿಯಲ್ಲಿ ಕೆಲವರು ಈ ವಿಗ್ರಹವನ್ನು ತೋರಿಸಿ ‘ಗೊಮ್ಮಟೇಶ್ವರ’ ಎನ್ನುತ್ತಾರೆ. ಈತನಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಗೊಮ್ಮಟ ಎಂಬುದು ಬಾಹುಬಲಿಗೆ ಅಂಟಿದ್ದು ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಬೆಳಗೊಳದ ದೊಡ್ಡಬೆಟ್ಟದ ಮೇಲೆ 58 ಅಡಿಯ ಮೂರ್ತಿ ನಿಲ್ಲಿಸಿದ ಮೇಲೆ. ಗೊಮ್ಮಟ ಎನ್ನುವುದು ಚಾವುಂಡರಾಯನ ಮನೆಯ ಹೆಸರು, ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರ ಎಂದು ಸದಲಗಾದ ಆ.ನೇ. ಉಪಾಧ್ಯೆಯವರು ವಾದಿಸಿದರು. ಮನ್ಮಥ ಎಂಬುದೇ ಪ್ರಾಕೃತದಲ್ಲಿ ಸವೆದು ಗೊಮ್ಮಟ ಆಯಿತು ಎಂದು ಮಂಜೇಶ್ವರದ ಗೋವಿಂದ ಪೈಗಳು. ಬಾಹುಬಲಿ ಮೊದಲ ಕಾಮದೇವ ಎಂಬ ಜೈನರ ನಂಬಿಕೆ ಪೈಗಳ ಬೆನ್ನಿಗಿದೆ. ನನಗೇನೋ ಉಪಾಧ್ಯೆಯವರ ಮಾತೇ ಸರಿಯೆನ್ನಿಸುತ್ತದೆ.

ಆ ಮೂರ್ತಿಯ ಹಿಂದೆಯೂ ಒಂದು ಐತಿಹ್ಯವಿದೆ. ಪೌದನಪುರದಲ್ಲಿ ಭರತನೇ 525 ಬಿಲ್ಲೆತ್ತರದ ಬಾಹುಬಲಿಯನ್ನು ಮಾಡಿಸಿದ್ದ, ಕಾಲಾಂತರದಲ್ಲಿ ಆ ಜಾಗವನ್ನು ಕುಕ್ಕುಟಸರ್ಪಗಳು ಮುತ್ತಿ ಯಾರೂ ಹೋಗಲಾರದಂತಾಯಿತು. ಅದನ್ನು ನೋಡಲು ಹೊರಟ ಚಾವುಂಡರಾಯ ಹೋಗಲಾಗದೆ ಇಲ್ಲೇ ಒಂದನ್ನು ಮಾಡಿಸಿದ ಎಂದು ಬೊಪ್ಪಣ ಪಂಡಿತ ಸುಮಾರು 1180ರಲ್ಲಿ ಬೆಳಗೊಳದ ಶಾಸನದಲ್ಲಿ ಬರೆದ. ಪೌದನಪುರವನ್ನು ತೆಲಂಗಾಣದ ಬೋಧನ್ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅತ್ತ ಕಾಣದ ಪೌದನಪುರದ ಮೂರ್ತಿಗೆ ಇಷ್ಟು ಕಥೆ ಹುಟ್ಟಿತು. ಇತ್ತ ಕಣ್ಣೆದುರೇ ಇದ್ದ ಬಾದಾಮಿ, ಐಹೊಳೆಯ ಬಾಹುಬಲಿಗಳ ಹೆಸರು ಆ ಕಥೆಯಲ್ಲಿ ಸುಳಿಯುವುದೂ ಇಲ್ಲ.

ಬೆಳಗೊಳದಲ್ಲಿ ಪಾರ್ಶ್ವನ ಜೊತೆ ತಪ್ಪಿತು, ಗುಹೆಯ ಮಾಡು ತಪ್ಪಿತು, ಹೆಗಲ ಮೇಲಿನ ಜಡೆಯೂ ಹೋಯಿತು. ಮುಂದೆ ಕಾರ್ಕಳ (1432), ವೇಣೂರು (1604), ನಮ್ಮ ಕಾಲಕ್ಕೆ ಧರ್ಮಸ್ಥಳ, ಎಲ್ಲರೂ ಬೆಳಗೊಳದವನ ಮಕ್ಕಳು. ಬಾದಾಮಿಯವನಿಗೆ ಮಸ್ತಕಾಭಿಷೇಕವಿಲ್ಲ, ಜಾತ್ರೆಯಿಲ್ಲ, ಬೆಳಗೊಳದಲ್ಲಿ ಚಾವುಂಡರಾಯನಿಗೆ ಆದಂತೆ ಹಾಲು ಎರೆದು ಗರ್ವ ಇಳಿಸಲು ಗುಳ್ಳಕಾಯಜ್ಜಿಯೂ ಬರಲಿಲ್ಲ. ಊರಿನ ಐತಿಹ್ಯವೆಲ್ಲ ವಾತಾಪಿ ಎಂಬ ರಾಕ್ಷಸನನ್ನು ಅರಗಿಸಿಕೊಂಡ ಅಗಸ್ತ್ಯನ ಪಾಲಾಗಿದೆ. ಉಂಡ ಮಗುವಿನ ಹೊಟ್ಟೆ ಸವರಿ ‘ವಾತಾಪಿ ಜೀರ್ಣೋಭವ’ ಎನ್ನುವ ನಮ್ಮ ಅಜ್ಜಿಯರಿಗೆ ಇಲ್ಲಿನ ರಾಕ್ಷಸ ಗೊತ್ತು, ಇಲ್ಲಿನ ಬಾಹುಬಲಿ ಗೊತ್ತಿಲ್ಲ.

ಹಾಗೆಂದು ಗುಹೆ ಪಾಳು ಬಿದ್ದಿರಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಚಾಲುಕ್ಯರು ಮತ್ತೆ ಎದ್ದರು, ಅಳಿದರು, ರಾಷ್ಟ್ರಕೂಟರು ಬಂದು ಹೋದರು. ಕಲ್ಯಾಣದ ಚಾಲುಕ್ಯರ ಕಾಲ, ಅಂದರೆ 11, 12ನೆಯ ಶತಮಾನದ ಹೊತ್ತಿಗೂ ಇಲ್ಲಿಗೆ ಭಕ್ತರು ಬರುತ್ತಿದ್ದರು. ಒಳಗೋಡೆ, ಕಂಬಗಳ ಮೇಲೆ ಸಾಲುಸಾಲಾಗಿ ಕಾಣುವ ಚಿಕ್ಕ ಜಿನಬಿಂಬಗಳಲ್ಲಿ ಬಹಳಷ್ಟು ಆಮೇಲೆ ಕೆತ್ತಿಸಿದವು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ಸರ್ವೇಕ್ಷಣೆಗೆ ಬಂದಾಗ ಈ ನಾಲ್ಕು ಗುಹೆಗಳನ್ನೂ ಅಳೆದು, ನಕ್ಷೆ ತೆಗೆದು ವರದಿಯಲ್ಲಿ ಸೇರಿಸಿದ. ಅಲ್ಲಿಂದಾಚೆಗೆ ಹೊರಗಿನ ವಿದ್ವತ್ ಲೋಕಕ್ಕೆ ಇದು ಗೊತ್ತಾಯಿತು.

ಈ ಸಲ ಬಾದಾಮಿಗೆ ಹೋದರೆ ಮೂರನೆಯ ಗುಹೆಯ ಮೆಟ್ಟಿಲ ಮೇಲೆ ಐದು ನಿಮಿಷ ಕುಳಿತು ದಣಿವಾರಿಸಿಕೊಳ್ಳಿ, ಆದರೆ ಇಳಿಯಬೇಡಿ. ಪಕ್ಕಕ್ಕೆ ನಡೆಯಿರಿ. ಬಾಹುಬಲಿಯನ್ನು ನೋಡಿಯಾದ ಮೇಲೆ ಗುಹೆಯಲ್ಲಿರುವ 12ನೆಯ ಶತಮಾನದ ಕನ್ನಡ ಬರಹವನ್ನೂ ತೋರಿಸಲು ಹೇಳಿ. ಗುಹೆ ಕೊರೆಸಿದವರು ಹೆಸರು ಬಿಟ್ಟು ಹೋಗಿಲ್ಲ, ಕಡೆದವರು ಯಾರೆಂದೂ ತಿಳಿಯದು. ಅಲ್ಲಿ ಉಳಿದಿರುವುದು ಒಬ್ಬ ಹೆಂಗಸಿನ ಸಾವಿನ ನೆನಪು. ಅವಳ ಹೆಸರು ಜಕ್ಕವ್ವೆ.